ಅಂಗಳದಲ್ಲಿ ನಿಂತವನ ಹೊಣೆ

1923ನೆಯ ಇಸವಿ ಆಗಸ್ಟ್ 3ರಂದು ಕಲ್ಕತ್ತೆಯ ಶಂಕರಿಟೋಲಾ ಅಂಚೆ ಕಛೇರಿಯಲ್ಲಿ ಸಬ್ ಪೋಸ್ಟ್‌ಮಾಸ್ಟರರು ಮೇಜಿನ ಮುಂದೆ ಕುಳಿತು ಹಣ ಎಣಿಸುತ್ತಿದ್ದರು. ಬಾಗಿಲಲ್ಲಿ ಕಾಣಿಸಿಕೊಂಡ ಕೆಲವರು ಹಣ ಕೇಳಿ, ಕೂಡಲೇ ಪಿಸ್ತೂಲು ಹಾರಿಸಿದರು. ಪೋಸ್ಟ್‌ಮಾಸ್ಟರರು ಅಸುನೀಗಿದರು; ಬಂದವರು ಹಣ ಮುಟ್ಟದೆ ಓಡಿದರು. ಬೆನ್ನಟ್ಟಿದವರ ಕೈಗೆ ಸಿಕ್ಕಿದವನು ಬರೇಂದ್ರಕುಮಾರ ಘೋಷ್. ತಾನು ಅಂಗಳದಲ್ಲಿ ನಿಂತಿದ್ದವನೇ ಹೊರತು ಗುಂಡು ಹಾರಿಸಿದವನಲ್ಲವೆಂಬುದು ಆತನ ವಾದ.

1860ರ ಭಾರತೀಯ ದಂಡ ಸಂಹಿತೆಯ 34ನೆಯ ಕಲಮು ಹಲವರು ಕೂಡಿ ಎಸಗಿದ ಕೃತ್ಯಕ್ಕೆ ಪ್ರತಿಯೊಬ್ಬನನ್ನೂ ಹೊಣೆಯಾಗಿಸಿತ್ತು. 'ಎಲ್ಲರ ಸಮಾನೋದ್ದೇಶದ ಸಾಧನೆಗಾಗಿ' ಎಂಬ ಅರ್ಥದ ಮಾತು ಅದಕ್ಕೆ ಸೇರಿದ್ದು 1870ರಲ್ಲಿ. ಇದನ್ನಾಧರಿಸಿ ಪ್ರಿವಿ ಕೌನ್ಸಿಲ್ 1924ರ ಅಕ್ಟೋಬರಿನಲ್ಲಿ ಬರೇಂದ್ರನ ಅಪೀಲನ್ನು ತಳ್ಳಿಹಾಕಿತು. ಕೂಡಿ ಮಾಡಿದ ಕೆಲಸದಲ್ಲಿ ಕಾವಲು ನಿಲ್ಲುವುದೂ ಒಂದು ಪಾಲೇ ಎಂಬುದು ಲಾರ್ಡ್ ಸಮ್ನರ್ ಅವರ ತೀರ್ಪಿನ ಸಾರ.

ಹಾಗೆಂದು ಜೊತೆಯಲ್ಲಿದ್ದವರೆಲ್ಲ ಅಪರಾಧಿಗಳಲ್ಲ. 1945ರಲ್ಲಿ ಮಹಬೂಬ್ ಶಾಹನ ಮೊಕದ್ದಮೆಯಲ್ಲಿ ಅದೇ ನ್ಯಾಯಪೀಠವು ಆತನ ಮೇಲಿನ ಕೊಲೆಯ ತೀರ್ಪನ್ನು ರದ್ದುಗೊಳಿಸಿತು. ಇಬ್ಬರ ಮನದಲ್ಲಿ ಒಂದೇ ಬಗೆಯ ಉದ್ದೇಶವಿದ್ದ ಮಾತ್ರಕ್ಕೆ ಅದು ಸಮಾನೋದ್ದೇಶವಾಗದು. ಮುಂಚಿತವಾದ ಒಮ್ಮತ ಸಿದ್ಧವಾಗಬೇಕು ಎಂದು ಅದು ವಿವೇಚಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಈ ನಿಯಮವನ್ನು 3ನೆಯ ಕಲಮಿನ 5ನೆಯ ಉಪಕಲಮಿನಲ್ಲಿ ಉಳಿಸಿಕೊಂಡಿದೆ.

ಎದುರಿಗೆ ನಿಲ್ಲದೆಯೂ ಪಾಲುಗಾರನಾಗಬಹುದು. ಪ್ರಚೋದನೆ, ಒಳಸಂಚು, ತಿಳಿದು ಮಾಡಿದ ಸಹಾಯ ಇವು ಮೂರೂ ದುಷ್ಪ್ರೇರಣೆಯ ಬಗೆಗಳು. ಮಾಡಲೇಬೇಕಾದ ಕರ್ತವ್ಯವನ್ನು ಬೇಕೆಂದೇ ಮಾಡದಿರುವುದೂ ಸಹಾಯವೆನಿಸಬಹುದು. ಸುಳ್ಳು ಲೆಕ್ಕವೆಂದು ಅರಿತೂ ಅಪಹರಣಕ್ಕೆ ಅನುವಾಗಲೆಂದು ರುಜು ಹಾಕುವ ಧರ್ಮದರ್ಶಿಯು 'ಹಣ ನಾನು ಮುಟ್ಟಲಿಲ್ಲ' ಎಂದು ಪಾರಾಗಲಾರನು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಕರ್ಮಾಸ್ರವದ ಆಧಾರಗಳಲ್ಲಿ ಎಣಿಸಿದೆ. ಮಾಡಿದವನನ್ನೂ ಮಾಡಿಸಿದವನನ್ನೂ ನ್ಯಾಯಾಲಯ ವಿಚಾರಿಸಬಲ್ಲದು; ಮನದೊಳಗೇ ಮೆಚ್ಚಿ ಸುಮ್ಮನಿದ್ದವನನ್ನು ಅದು ಮುಟ್ಟದು. ಬರಿಯ ಮನಸ್ಸನ್ನು ದಂಡಿಸುವ ಅಧಿಕಾರ ರಾಜ್ಯಕ್ಕೆ ಇಲ್ಲದಿರುವುದೇ ಕ್ಷೇಮ. ಆದರೆ ಕಾನೂನು ಬಿಟ್ಟ ಆ ಮೂರನೆಯ ಲೆಕ್ಕವನ್ನು ಶ್ರಾವಕನು ತಾನೇ ಬರೆದಿಟ್ಟುಕೊಳ್ಳಬೇಕಾಗುತ್ತದೆ.