ಇಟ್ಟಿಗೆಯ ವಾರ, ಪುಸ್ತಕದ ವಾರ

ನನ್ನ ಸೋದರಮಾವನ ಮಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾದ ವರ್ಷವೇ ರಾಯಚೂರು ಸೀಮೆಯಿಂದ ಬೆಂಗಳೂರಿನ ಬಸ್ಸು ಹತ್ತಿದ. ಮೊದಲು ಸೆಂಟ್ರಿಂಗ್ ಹಲಗೆ ಹೊತ್ತ, ಆಮೇಲೆ ಗಾರೆ ಕಲಸಿದ, ಈಗ ಟೈಲ್ಸ್ ಕೂರಿಸುತ್ತಾನೆ. ಒಂದು ಕೋಣೆಗೆ ಎಷ್ಟು ಟೈಲ್ಸ್ ಬೇಕು, ಮೂಲೆಗಳಲ್ಲಿ ಕತ್ತರಿಸುವಾಗ ಎಷ್ಟು ಒಡೆದು ಹಾಳಾಗುತ್ತವೆ ಎಂಬುದನ್ನು ಕಾಗದ ಮುಟ್ಟದೆ ಹೇಳುತ್ತಾನೆ. ಆದರೂ ಅವನ ಅಂಕಪಟ್ಟಿಯ ಪ್ರಕಾರ ಅವನಿಗೆ ಗಣಿತ ಬರುವುದಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಅವನು ನನ್ನ ಪಿಎಚ್‌ಡಿ ಬಗ್ಗೆ ವಿಚಾರಿಸಿದ. "ಅಕ್ಕ, ಇಷ್ಟು ವರ್ಷ ಓದಿ ಏನು ಹುಡುಕ್ಲಿಕತ್ತಿ?" ಅಂದ. ಶಾಲೆ ಬಿಟ್ಟು ಕಟ್ಟಡದ ಕೆಲಸಕ್ಕೆ ಸೇರಿದ ಅಮೆರಿಕದ ಹುಡುಗ ಹುಡುಗಿಯರಿಗೆ ಅಲ್ಲಿನ ಸರ್ಕಾರ ಹಣ ಕೊಟ್ಟ ಚರಿತ್ರೆಯನ್ನು ಓದುತ್ತಿದ್ದೇನೆ ಎಂದೆ. ಅವನು ಬಿದ್ದು ಬಿದ್ದು ನಕ್ಕ. "ಅಲ್ಲಿನೂ ಫೇಲ್ ಆಗ್ತಾರೇನು?"

ಆಗುತ್ತಾರೆ. ಮಾತ್ರವಲ್ಲ, ಫೇಲಾದವರನ್ನು ಏನು ಮಾಡಬೇಕು ಎಂಬ ಪ್ರಶ್ನೆ ಆ ದೇಶದ ಬಜೆಟ್ಟುಗಳಲ್ಲಿ ತೊಂಬತ್ತು ವರ್ಷಗಳಿಂದ ಮತ್ತೆ ಮತ್ತೆ ಎದ್ದಿದೆ.

1933ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಯೋಜನೆ ಆರಂಭಿಸಿದರು. ಬಡ ಕುಟುಂಬಗಳ ಅವಿವಾಹಿತ ಯುವಕರು ಕಾಡಿನ ಶಿಬಿರಗಳಲ್ಲಿ ಇದ್ದು ಗಿಡ ನೆಡಬೇಕು, ರಸ್ತೆ, ಸೇತುವೆ, ಉದ್ಯಾನದ ಕಟ್ಟಡಗಳನ್ನು ಕಟ್ಟಬೇಕು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ ಸುಮಾರು 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. 1942ರಲ್ಲಿ ಯೋಜನೆ ಮುಗಿಯುವ ಹೊತ್ತಿಗೆ ಸುಮಾರು 30 ಲಕ್ಷ ಯುವಕರು ಆ ಶಿಬಿರಗಳನ್ನು ಹಾದುಹೋಗಿದ್ದರು. ಅಲ್ಲಿ ಓದೂ ಇತ್ತು. ಆದರೆ ಅದು ಸಂಜೆಗೆ, ದಿನದ ದುಡಿಮೆ ಮುಗಿದು ಮೈ ಹಣ್ಣಾದ ಮೇಲೆ, ಇಷ್ಟವಿದ್ದವರಿಗೆ. ಇನ್ನೊಂದು ಮಾತನ್ನೂ ಮರೆಯಬಾರದು: ಹುಡುಗಿಯರಿಗೆ ಆ ಕೋರ್‌ನಲ್ಲಿ ಜಾಗ ಇರಲಿಲ್ಲ, ಮತ್ತು 1935ರಿಂದ ಕಪ್ಪು ಯುವಕರನ್ನು ಬೇರೆ ಶಿಬಿರಗಳಿಗೆ ಕಳಿಸುವುದೇ ನಿಯಮವಾಯಿತು.

ಕಟ್ಟುವ ಕೆಲಸ ಯಾರದು ಎಂಬ ಪ್ರಶ್ನೆ ಶಿಬಿರಗಳೊಂದಿಗೆ ಮುಗಿಯಲಿಲ್ಲ. 1963ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಗೆ ಹೊಸ ಕಟ್ಟಡ ಏಳುತ್ತಿದ್ದಾಗ ಜನ ಬಂದು ಕೆಲಸಕ್ಕೆ ಅಡ್ಡ ನಿಂತರು. ಕಪ್ಪು ಜನರ ಕೇರಿಯ ನಡುವೆ, ಸಾರ್ವಜನಿಕ ಹಣದಲ್ಲಿ ಕಟ್ಟಡ ಏಳುತ್ತಿದೆ, ಆದರೆ ಕರಣೆ ಹಿಡಿದ ಕೈಗಳಲ್ಲಿ ಕೇರಿಯವರ ಕೈ ಯಾಕಿಲ್ಲ ಎಂಬುದು ಅವರ ತಕರಾರು. ಒಳ್ಳೆಯ ಕೂಲಿಯ ಕಟ್ಟಡ ಕಸುಬುಗಳ ಯೂನಿಯನ್ನುಗಳಲ್ಲಿ ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಸದಸ್ಯತ್ವ ದಾಟುತ್ತಿತ್ತು. ಹೊರಗಿನವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಕುಲಕಸುಬಿನ ಬೇಲಿಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರುವರ್ಷ, 1964ರಲ್ಲಿ, ಡೊರೊತಿ ಸ್ಟೋನ್‌ಮನ್ ಎಂಬ ಬಿಳಿಯ ತರುಣಿ ನಾಗರಿಕ ಹಕ್ಕುಗಳ ಚಳವಳಿಯ ಸೆಳೆತದಲ್ಲಿ ಹಾರ್ಲೆಮ್‌ಗೆ ಬಂದು ಅಲ್ಲೇ ಶಿಕ್ಷಕಿಯಾಗಿ ನಿಂತರು. ಎಪ್ಪತ್ತರ ದಶಕದಲ್ಲಿ ನ್ಯೂಯಾರ್ಕ್ ನಗರವೇ ದಿವಾಳಿಯ ಅಂಚಿಗೆ ಬಂತು. ಬಡ ಕೇರಿಗಳಲ್ಲಿ ಮಾಲೀಕರು ತೆರಿಗೆ ಕಟ್ಟದೆ ಕಟ್ಟಡಗಳನ್ನು ಕೈಬಿಟ್ಟು ಹೋದರು. ಹಾಗೆ ಬಾಕಿ ಬಿದ್ದ ಸಾವಿರಾರು ಕಟ್ಟಡಗಳಿಗೆ ನಗರಾಡಳಿತವೇ ವಾರಸುದಾರ ಆಯಿತು. ಬೀದಿಯ ಒಂದು ಬದಿಯಲ್ಲಿ ಕಿಟಕಿ ಬಾಗಿಲು ಕಿತ್ತುಹೋದ ಖಾಲಿ ಮನೆಗಳು, ಇನ್ನೊಂದು ಬದಿಯಲ್ಲಿ ಮನೆಯಿಲ್ಲದ ಜನ, ನಡುವೆ ಶಾಲೆಯೂ ಕೆಲಸವೂ ಇಲ್ಲದ ಹುಡುಗರು.

1978ರಲ್ಲಿ ಈಸ್ಟ್ ಹಾರ್ಲೆಮ್‌ನಲ್ಲಿ ಸ್ಟೋನ್‌ಮನ್ ಅಲ್ಲಿನ ಹದಿಹರೆಯದವರನ್ನು ಕೂರಿಸಿಕೊಂಡು ಒಂದು ಸರಳ ಪ್ರಶ್ನೆ ಕೇಳಿದರು: ದೊಡ್ಡವರು ಬೆನ್ನಿಗೆ ನಿಂತರೆ ನಿಮ್ಮ ಕೇರಿಯನ್ನು ಸುಧಾರಿಸಲು ಏನು ಮಾಡುತ್ತೀರಿ? ಆ ಪಾಳು ಮನೆಗಳನ್ನು ಮತ್ತೆ ಕಟ್ಟುತ್ತೇವೆ ಎಂದು ಹುಡುಗರು ಹೇಳಿದರು. ಹಾಗೇ ಒಂದು ಪಾಳು ಕಟ್ಟಡವನ್ನು ದುರಸ್ತಿ ಮಾಡಿ ನಿಲ್ಲಿಸಿದರು. ಅದರಿಂದ ಬೆಳೆದದ್ದೇ ಯೂತ್‌ಬಿಲ್ಡ್. ನಗರದ ಹಣಕ್ಕಾಗಿ ಅವರು ನಡೆಸಿದ ಹೋರಾಟ ಎಂಬತ್ತರ ದಶಕದಲ್ಲಿ ಫಲ ಕೊಟ್ಟಿತು. 1990ರಲ್ಲಿ ರಾಷ್ಟ್ರಮಟ್ಟದ ಸಂಸ್ಥೆ ಹುಟ್ಟಿತು. ಸೆನೆಟ್‌ನಲ್ಲಿ ಜಾನ್ ಕೆರಿ, ಕೆಳಮನೆಯಲ್ಲಿ ಬ್ರೂಕ್ಲಿನ್‌ನ ಮೇಜರ್ ಓವೆನ್ಸ್ ಇದರ ಪರವಾಗಿ ನಿಂತರು. 1992ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದ ವಸತಿ ಕಾಯ್ದೆಯೊಳಗೆ ಯೂತ್‌ಬಿಲ್ಡ್ ಒಂದು ಭಾಗವಾಯಿತು. ಮೊದಲ ಕಂತು 4 ಕೋಟಿ ಡಾಲರ್. 2006ರಲ್ಲಿ ಯೋಜನೆ ವಸತಿ ಇಲಾಖೆಯಿಂದ ಕಾರ್ಮಿಕ ಇಲಾಖೆಗೆ ವರ್ಗವಾಯಿತು.

ಕಾನೂನಿನ ಪಠ್ಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಅಂಕಿಗಳು. 16ರಿಂದ 24 ವಯಸ್ಸಿನ, ಹೆಚ್ಚಾಗಿ ಶಾಲೆ ಬಿಟ್ಟ ಈ ಮಕ್ಕಳು ಯೋಜನೆಯಲ್ಲಿರುವ ಹೊತ್ತಿನಲ್ಲಿ ಕನಿಷ್ಠ ಶೇ. 50ರಷ್ಟು ಓದಿಗೆ, ಕನಿಷ್ಠ ಶೇ. 40ರಷ್ಟು ಕೆಲಸ ಮತ್ತು ಕೌಶಲಕ್ಕೆ ಮೀಸಲಿರಬೇಕು. ಎಷ್ಟೋ ಕೇಂದ್ರಗಳಲ್ಲಿ ಇದು ಒಂದು ವಾರ ತರಗತಿ, ಇನ್ನೊಂದು ವಾರ ಕಟ್ಟಡದ ಜಾಗ ಎಂದು ಸರದಿಯಾಗಿ ನಡೆಯುತ್ತದೆ. ಕಟ್ಟುವ ಮನೆಗಳು ಬಡವರಿಗೆ ಅಥವಾ ಮನೆಯಿಲ್ಲದವರಿಗೆ. ರೂಸ್‌ವೆಲ್ಟರ ಶಿಬಿರದಲ್ಲಿ ಸಂಜೆಗೆ ಉಳಿದಿದ್ದ ಓದು ಇಲ್ಲಿ ಹಗಲಿಗೆ ಬಂದಿತ್ತು.

ಇದನ್ನು ನಮ್ಮ ಹುಡುಗನಿಗೆ ವಿವರಿಸಿದಾಗ ಅವನು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ಪುಸ್ತಕದ ವಾರದ ಪಗಾರ ಯಾರು ಕೊಡ್ತಾರ?"

ನಾನು ಓದಿದ ಎಷ್ಟೋ ಪ್ರಬಂಧಗಳು ಸುತ್ತಿ ಬಳಸಿ ಕೇಳಿದ್ದನ್ನು ಅವನು ಒಂದೇ ವಾಕ್ಯದಲ್ಲಿ ಕೇಳಿದ್ದ. ಕಸುಬನ್ನು ಮೇಸ್ತ್ರಿ ಹೇಗೋ ಕಲಿಸುತ್ತಾನೆ, ಬೈದಾದರೂ ಕಲಿಸುತ್ತಾನೆ. ಕಟ್ಟಡದ ಮಾಲೀಕನಿಗೆ ಅದು ಬೇಕು. ಓದಿನ ವಾರ ಮಾತ್ರ ಯಾವ ಗುತ್ತಿಗೆದಾರನಿಗೂ ಬೇಕಿಲ್ಲ. ಆ ಸಮಯವನ್ನು ಕೊಂಡುಕೊಡಬಲ್ಲದ್ದು ಸಾರ್ವಜನಿಕ ಹಣ ಮಾತ್ರ. ಯೂತ್‌ಬಿಲ್ಡ್ ಅನುದಾನದಲ್ಲಿ ಶಿಕ್ಷಕರ ಸಂಬಳದ ಜೊತೆ ಹುಡುಗರ ಭತ್ಯೆಗೂ ಅವಕಾಶ ಇರುವುದು ಈ ಕಾರಣಕ್ಕೆ.

ಆ ಹಣವೇನೂ ಗಟ್ಟಿ ನೆಲದ ಮೇಲೆ ನಿಂತಿಲ್ಲ. ಪ್ರತಿ ವರ್ಷ ಸಂಸತ್ತಿನ ಮುಂದೆ ಕೈಯೊಡ್ಡಬೇಕು. 2010ರಲ್ಲಿ ಸುಮಾರು 10.25 ಕೋಟಿ ಡಾಲರ್ ಇದ್ದದ್ದು ಮರುವರ್ಷ 8 ಕೋಟಿಗೆ ಇಳಿಯಿತು. 2023ರಲ್ಲಿ 10.5 ಕೋಟಿ, ಬೆಲೆಯೇರಿಕೆ ಲೆಕ್ಕ ಹಾಕಿದರೆ ಹಿಂದಿನದಕ್ಕಿಂತ ಕಡಿಮೆಯೇ. ಫಲಿತಾಂಶವೂ ಪವಾಡದ್ದಲ್ಲ. ಎಂಡಿಆರ್‌ಸಿ ಸಂಸ್ಥೆ 75 ಕೇಂದ್ರಗಳ ಸುಮಾರು 3,900 ಯುವಜನರನ್ನು ನಾಲ್ಕು ವರ್ಷ ಹಿಂಬಾಲಿಸಿ 2018ರಲ್ಲಿ ವರದಿ ಕೊಟ್ಟಿತು. ಹೈಸ್ಕೂಲಿಗೆ ಸಮನಾದ ಪರೀಕ್ಷೆ ಪಾಸಾದವರು ಹೆಚ್ಚಿದ್ದರು, ಕಾಲೇಜು ಸೇರಿದವರೂ ಹೆಚ್ಚಿದ್ದರು. ಗಳಿಕೆ ಮಾತ್ರ ಅಲ್ಪಸ್ವಲ್ಪ ಏರಿತ್ತು. ಒಬ್ಬೊಬ್ಬರಿಗೆ ತಗುಲಿದ ಖರ್ಚು ಸುಮಾರು 24,500 ಡಾಲರ್. ನಾಲ್ಕು ವರ್ಷದ ಹೊತ್ತಿಗೆ ಲಾಭ ಆ ಖರ್ಚನ್ನು ಮುಟ್ಟಿರಲಿಲ್ಲ. ಕಡಿತ ಬಯಸುವವರಿಗೆ ಈ ಕೊನೆಯ ಸಾಲು ಸಾಕು. ನನಗೆ ಕಂಡದ್ದು ಬೇರೆ: ಓದಲು ಸಮಯ ಕೊಂಡುಕೊಟ್ಟರು, ಓದು ಸಿಕ್ಕಿತು. ಒಳ್ಳೆಯ ಕೂಲಿಯನ್ನು ಕಾರ್ಮಿಕ ಮಾರುಕಟ್ಟೆ ಕೊಡಬೇಕಿತ್ತು, ಅದು ಕೊಡಲಿಲ್ಲ.

ನಮ್ಮಲ್ಲಿ ಹಣವೇ ಇಲ್ಲ ಅನ್ನುವಂತಿಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ನಮ್ಮ ಸಂಸತ್ತು ಕಾಯ್ದೆ ಮಾಡಿ, ಕಟ್ಟಡ ವೆಚ್ಚದ ಮೇಲೆ ಸೆಸ್ ವಿಧಿಸಿತು. ಶೇ. 1ರಷ್ಟು ಹಣ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗಬೇಕು. ದೇಶದಾದ್ಯಂತ ಹೀಗೆ 37,400 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಗಿದ್ದರೂ ಖರ್ಚಾದದ್ದು ಸುಮಾರು 9,500 ಕೋಟಿ ಮಾತ್ರ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ತೀರ್ಪಿನಲ್ಲೇ ಬರೆದು ನೊಂದುಕೊಂಡಿತು.

2025ರವರೆಗೆ ಜಾರಿಯಲ್ಲಿದ್ದ ಆ ಕಾಯ್ದೆಯ 22ನೇ ಕಲಂ ಮಂಡಳಿಯ ಕೆಲಸಗಳನ್ನು ಒಂದೊಂದಾಗಿ ಹೆಸರಿಸುತ್ತಿತ್ತು: ಅಪಘಾತಕ್ಕೆ ನೆರವು, 60 ತುಂಬಿದವರಿಗೆ ಪಿಂಚಣಿ, ಮನೆ ಸಾಲ, ವಿಮೆ, ದೊಡ್ಡ ಕಾಯಿಲೆಗೆ ಚಿಕಿತ್ಸೆ, ಹೆರಿಗೆ ಭತ್ಯೆ, ಫಲಾನುಭವಿಯ ಮಕ್ಕಳ ಶಿಕ್ಷಣ. ಎಲ್ಲವೂ ಬೇಕಾದದ್ದೇ. ಕಾರ್ಮಿಕನ ಸ್ವಂತ ಓದು ಮಾತ್ರ ಈ ಪಟ್ಟಿಯಲ್ಲಿ ಹೆಸರು ಹಿಡಿದು ಬರುತ್ತಿರಲಿಲ್ಲ. ಇತರ ಕಲ್ಯಾಣ ಕ್ರಮಗಳು ಎಂಬ ಕೊನೆಯ ಸಾಲಿನೊಳಗೆ ಅದನ್ನು ಯಾರಾದರೂ ತುರುಕಬೇಕಿತ್ತು. ನಮ್ಮ ಹುಡುಗನಿಗೆ ನಾಳೆ ಮಕ್ಕಳಾದರೆ ಅವರ ಓದಿಗೆ ಆ ಕಾನೂನು ನೆರವು ಯೋಚಿಸಿತ್ತು. ಅವನೇ ಇನ್ನೂ ಓದುವ ವಯಸ್ಸಿನವನು ಎಂಬುದು ಅದರ ಗಮನಕ್ಕೆ ಬಂದಿರಲಿಲ್ಲ. ಹದಿನೆಂಟು ದಾಟಿ ಕರಣೆ ಹಿಡಿದವನ ಶಾಲೆ ಮುಗಿದುಹೋಯಿತು ಎಂದು ಅದು ನಂಬಿತ್ತು.

ಈಸ್ಟ್ ಹಾರ್ಲೆಮ್‌ನ ಪಾಳು ಕಟ್ಟಡದ ಎದುರು ಹಾಗೆ ನಂಬದೆ, ಹುಡುಗರನ್ನೇ ಕೇಳಿದರು. ಅವರ ಚರಿತ್ರೆಯಿಂದ ನಾವು ತರಬೇಕಾದ್ದು ಇಷ್ಟೇ ಅನ್ನಿಸುತ್ತದೆ.

ಮೊನ್ನೆ ಫೋನು ಮಾಡಿ, ಗಣಿತ ಪರೀಕ್ಷೆ ಮತ್ತೊಮ್ಮೆ ಬರೆಯುತ್ತೀಯಾ ಎಂದು ನಾನೂ ಅವನನ್ನು ಕೇಳಿದೆ. ಬರೆಯಬೇಕೆಂಬ ಆಸೆ ಅವನಿಗಿದೆ. ತಯಾರಿಗೆ ಹದಿನಾಲ್ಕು ದಿನ ಬೇಕು ಎಂದ. ದಿನಕ್ಕೆ 900 ಕೂಲಿ. "ಹನ್ನೆರಡು ಸಾವಿರದ ಆರುನೂರು ಹೋಗತೈತಿ ಅಕ್ಕ" ಎಂದು ತಕ್ಷಣ ಹೇಳಿದ. ನಾನು ಇಲ್ಲಿ ಕಾಗದದ ಮೇಲೆ ಗುಣಿಸಿ ನೋಡಿದೆ. ಲೆಕ್ಕ ಸರಿಯಾಗಿತ್ತು.