ವೇಳೆಗೆ ಒದಗಿದವರು

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಶಿರಾಳಕೊಪ್ಪ ದಾಟುವವರೆಗೆ ಒಂದು ನಿದ್ರೆ ತೆಗೆಯುವುದು ನನ್ನ ಬಹುದಿನದ ರೂಢಿ. ಮೊನ್ನೆ ಅದಕ್ಕೆ ಭಂಗ ಬಂದಿತು. ಹಿಂದಿನ ಸೀಟಿನಲ್ಲಿದ್ದ ಇಬ್ಬರು ಕಾಲೇಜು ಹುಡುಗರು, 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ಮುಗಿದುಹೋದ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಮತ್ತೊಮ್ಮೆ ಆಡುತ್ತಿದ್ದರು. ನಮ್ಮ ಕೆ. ಎಲ್. ರಾಹುಲ್ ಅಂದು 107 ಚೆಂಡುಗಳನ್ನು ಎದುರಿಸಿ 66 ರನ್ನು ಮಾಡಿದರಷ್ಟೆ. ಆ ಆಮೆನಡಿಗೆಯೇ ಸೋಲಿಗೆ ಕಾರಣವೆಂದು ಒಬ್ಬನ ವಾದ. ಆ 66 ಇಲ್ಲದಿದ್ದರೆ ಭಾರತದ ಮೊತ್ತ 240 ಮುಟ್ಟುತ್ತಲೇ ಇರಲಿಲ್ಲವೆಂದು ಇನ್ನೊಬ್ಬನದು. "ಲೀಗಿನಲ್ಲಿ ಯಾರು ಬೇಕಾದ್ರೂ ಹೊಡೀತಾರೆ ಮಾರಾಯ, ಫೈನಲ್ಲಿನಲ್ಲಿ ಹೊಡೆದವನೇ ಗಂಡು" ಎಂದು ಮೊದಲನೆಯವನು ಗುಡುಗಿದ. ನಾನು ಎಚ್ಚರವಾಗಿರುವುದನ್ನು ಕಂಡು, "ನೀವೇ ಹೇಳಿ ಸಾರ್" ಎಂದು ನ್ಯಾಯವನ್ನು ನನ್ನ ಮಡಿಲಿಗೆ ಹಾಕಿದ. ಮೇಷ್ಟರಿಗೆ ತಕ್ಕ ಉತ್ತರ ಹೊಳೆಯುವುದು ಬಸ್ಸು ಇಳಿದ ಮೇಲೆ. ಆದ್ದರಿಂದ ಈ ಬರಹ.

ಪ್ರಶ್ನೆ ಕ್ರಿಕೆಟ್ಟಿಗಿಂತ ಬಹಳ ಹಳೆಯದು. ಕರ್ಣನನ್ನೇ ನೋಡಿ. ವಿದ್ಯೆಯಲ್ಲಿ ಯಾರಿಗೂ ಕಡಮೆಯಿಲ್ಲ. ಆದರೆ ಬೇಕಾದ ಹೊತ್ತಿಗೆ ಅಸ್ತ್ರ ನೆನಪಾಗದಂತೆ ಗುರುವಿನ ಶಾಪ, ಅದೇ ಹೊತ್ತಿಗೆ ರಥದ ಗಾಲಿ ನೆಲ ಹಿಡಿಯಿತು. ಫಲಿತಾಂಶವನ್ನಷ್ಟೇ ಬರೆದುಕೊಳ್ಳುವವನ ಪುಸ್ತಕದಲ್ಲಿ ಕರ್ಣ ಸೋತವನು. ಆದರೆ ನಮ್ಮ ಬನವಾಸಿ ನಾಡನ್ನು ಅಷ್ಟೊಂದು ಹಚ್ಚಿಕೊಂಡಿದ್ದ ಪಂಪ, ಅರ್ಜುನನನ್ನು ನಾಯಕನನ್ನಾಗಿ ಮಾಡಿಕೊಂಡು ಕಾವ್ಯ ಬರೆದೂ ಕರ್ಣನಿಗೆ ಕೊಟ್ಟ ಮರ್ಯಾದೆಯನ್ನು ಬಲ್ಲವರು ಬಲ್ಲರು.

ಕಾವ್ಯದ ಮಾತು ಹಾಗಿರಲಿ. ಇದೇ ಬಸ್ಸಿನ ದಾರಿಯ ಎರಡು ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಕಲ್ಲಿನಲ್ಲೇ ಉತ್ತರ ಬರೆದಿಟ್ಟಿದ್ದಾರೆ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲಿಯೂ ಸೊರಬದವು 1904ರ ಎಂಟನೆಯ ಸಂಪುಟದಲ್ಲಿಯೂ ಅಚ್ಚಾದುವು. ಅವುಗಳಲ್ಲಿ ಅರಸರ ದಾನಶಾಸನಗಳ ನಡುನಡುವೆ ವೀರಗಲ್ಲುಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಒಮ್ಮೆ ಜಿಡ್ಡುಳಿಗೆ ನಾಡಿನ ಮುಖ್ಯ ಪಟ್ಟಣವಾಗಿದ್ದ ಸೊರಬ ತಾಲ್ಲೂಕಿನ ಉದ್ರಿಗೆ ಹೋದರೆ ಇಂಥ ಕಲ್ಲುಗಳನ್ನು ಕಣ್ಣಾರೆ ಕಾಣಬಹುದು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡೊಯ್ಯುವ ದೃಶ್ಯ, ಮೇಲೆ ಶಿವಸನ್ನಿಧಿ. ಜೊತೆಗೆ ಕೆಲವು ಸಾಲಿನ ಬರಹ: ಯಾರ ಕಾಲದಲ್ಲಿ, ಯಾವ ಊರಿನಲ್ಲಿ, ಯಾವ ಕಾರಣಕ್ಕೆ ಇವನು ಹೋರಾಡಿ ಬಿದ್ದ ಎಂಬುದು.

ಆ ಕಾರಣಗಳನ್ನು ಗಮನಿಸಬೇಕು. ತುರುಗೊಳ್, ಅಂದರೆ ಶತ್ರುಗಳು ದನಗಳನ್ನು ಹೊಡೆದುಕೊಂಡು ಹೋದದ್ದು. ಪೆಣ್ಬುಯ್ಯಲ್, ಹೆಂಗಸರ ಮೊರೆ. ಊರಳಿವು, ಊರಿಗೆ ಊರೇ ಹಾಳಾಗುವ ಸಂದರ್ಭ. ಮೂರೂ ಗಡುವಿನ ಗಳಿಗೆಗಳೇ, ನಾಳೆ ನೋಡೋಣವೆನ್ನುವಂತಿಲ್ಲ. ಒಡೆಯನಿಗಾಗಿ ಪ್ರಾಣ ಕೊಡುವೆನೆಂಬ ಪ್ರತಿಜ್ಞೆಗೆ ನಮ್ಮ ಹಿರಿಯರು ವೇಳೆವಾಳಿ ಎನ್ನುತ್ತಿದ್ದರು, ಉಂಡ ಅನ್ನದ ಋಣಕ್ಕೆ ಜೋಳವಾಳಿ. ವೇಳೆ ಎಂದರೆ ಹೊತ್ತು ಎಂಬ ಅರ್ಥ ನಮಗೆ ಇಂದಿಗೂ ಬಳಕೆಯಲ್ಲಿದೆ.

ನನ್ನನ್ನು ಯಾವಾಗಲೂ ತಡೆದು ನಿಲ್ಲಿಸುವುದು ಊರಳಿವಿನ ಕಲ್ಲು. ತುರುಗೊಳ್ ಕಾಳಗದಲ್ಲಾದರೆ ದನಗಳನ್ನು ಮರಳಿಸಿ ಸತ್ತನೆಂಬ ಸಮಾಧಾನ ಉಂಟು. ಅದು ಗೆದ್ದ ಪಂದ್ಯ. ಊರಳಿವಿನಲ್ಲಿ ಊರೇ ಹೋಯಿತು. ಆದರೂ ಉಳಿದವರು ಮರಳಿ ಬಂದು, ಅವನಿಗೊಂದು ಕಲ್ಲು ನಿಲ್ಲಿಸಿದರು; ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಕೊಡುವ ಪದ್ಧತಿಯೂ ಇತ್ತು. "ಊರು ಉಳಿಯಲಿಲ್ಲವಲ್ಲ, ಇವನೇನು ವೀರ?" ಎಂದು ಕೇಳಿದವರು ಆಗಲೂ ಇದ್ದಿರಬೇಕು. ಅವರ ಮಾತನ್ನು ಯಾರೂ ಕಲ್ಲಿಗೆ ಹಾಕಲಿಲ್ಲ.

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ನಮ್ಮ ಜಿಲ್ಲೆಯವರೇ ಆದ ಒಬ್ಬರನ್ನು ನೋಡೋಣ. ಗುಂಡಪ್ಪ ರಂಗನಾಥ ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ, 1949ರ ಫೆಬ್ರವರಿ 12ರಂದು. 91 ಟೆಸ್ಟುಗಳಲ್ಲಿ 6,080 ರನ್ನು, 14 ಶತಕ, ಸರಾಸರಿ 41.93. ಅವರ ಭಾವಮೈದುನ ಸುನೀಲ್ ಗಾವಸ್ಕರರ ಸರಾಸರಿ 51.12. ಲೆಕ್ಕದ ಪುಸ್ತಕ ಇಲ್ಲಿಗೆ ಮುಚ್ಚಬಹುದು. ಆದರೆ ಕಳೆದ ಐವತ್ತು ವರ್ಷಗಳಿಂದ ಕನ್ನಡಿಗರು ಅದನ್ನು ಮುಚ್ಚಲು ಬಿಟ್ಟಿಲ್ಲ. ಬೇಕಾದ ದಿನ ಒದಗಿದವರು ಯಾರು ಎಂದು ಕೇಳುತ್ತಲೇ ಬಂದಿದ್ದಾರೆ.

ನಮ್ಮವರ ಮೊದಲ ಸಾಕ್ಷಿ 1974ರ ರಣಜಿ ಸೆಮಿಫೈನಲ್. 1958-59ರಿಂದ ಮೊದಲ್ಗೊಂಡು ಮುಂಬಯಿ ತಂಡ ಸತತವಾಗಿ ಹದಿನೈದು ವರ್ಷ ರಣಜಿ ಕಪ್ಪನ್ನು ಬೇರೆಯವರಿಗೆ ಮುಟ್ಟಗೊಟ್ಟಿರಲಿಲ್ಲ. ಬೆಂಗಳೂರಿನಲ್ಲಿ ಅದನ್ನು ಎದುರಿಸಿದ ಕರ್ನಾಟಕದ ನಾಯಕರು ಪ್ರಸನ್ನ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸೋತರೆ ಮನೆಗೆ ಎಂಬಂಥ ಪಂದ್ಯ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಪ್ರಸನ್ನರ ಚೆಂಡಿಗೆ ಗಾವಸ್ಕರರ ವಿಕೆಟ್ಟು ಉರುಳಿತು, ನೆಲೆಯೂರಿದ್ದ ವಾಡೇಕರ್ ಓಡುವಾಗ ಜಾರಿ ರನೌಟಾದರು, ಮುಂಬಯಿ 307ಕ್ಕೆ ಮುಗಿಯಿತು. ಮೊದಲ ಇನ್ನಿಂಗ್ಸಿನ ಆ 78 ರನ್ನಿನ ಮುನ್ನಡೆಯೇ ಕರ್ನಾಟಕವನ್ನು ಫೈನಲ್ಲಿಗೆ ದಾಟಿಸಿತು. ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕಪ್ಪು ಮೊದಲ ಬಾರಿಗೆ ನಮ್ಮ ನಾಡಿಗೆ ಬಂದಿತು. ವಾಡೇಕರರ ಕಾಲು ಜಾರಿದ್ದು ಯಾರ ಪ್ರತಾಪ ಎಂದು ಮುಂಬಯಿಯ ಮಿತ್ರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕರ್ಣನ ರಥದ ಗಾಲಿ ಹೂತದ್ದು ಅರ್ಜುನನ ಪ್ರತಾಪವೇ?

ಎರಡನೆಯ ಸಾಕ್ಷಿ ವೆಸ್ಟ್ ಇಂಡೀಸಿನೊಡನೆ ನಡೆದ 1974-75ರ ಸರಣಿ. ಭಾರತ ಮೊದಲೆರಡು ಟೆಸ್ಟು ಸೋತಿತ್ತು. ಕಲ್ಕತ್ತೆಯಲ್ಲಿ ವಿಶ್ವನಾಥ್ 139 ಹೊಡೆದರು, ಭಾರತ ಗೆದ್ದಿತು. ಮುಂದಿನದು ಮದರಾಸು. ಅಲ್ಲಿ ಆಂಡಿ ರಾಬರ್ಟ್ಸ್ 64 ರನ್ನು ಕೊಟ್ಟು ಏಳು ವಿಕೆಟ್ಟು ಕಿತ್ತರು. ಇಡೀ ತಂಡದ ಮೊತ್ತ 190. ಅದರಲ್ಲಿ ವಿಶ್ವನಾಥರೊಬ್ಬರದೇ 97, ಅದೂ ಔಟಾಗದೆ. ಕೊನೆಯವರಾಗಿ ಬಂದ ಚಂದ್ರಶೇಖರ್ ಔಟಾದಾಗ ಶತಕಕ್ಕೆ ಮೂರು ರನ್ನು ಬಾಕಿ ನಿಂತಿತು. ಭಾರತ 100 ರನ್ನುಗಳಿಂದ ಗೆದ್ದು ಸರಣಿ 2-2 ಆಯಿತು. ವಿಶ್ವನಾಥ್ ಶತಕ ಹೊಡೆದ ಟೆಸ್ಟನ್ನು ಭಾರತ ಒಮ್ಮೆಯೂ ಸೋತಿಲ್ಲ ಎಂಬುದು ನಮ್ಮವರ ಬ್ರಹ್ಮಾಸ್ತ್ರ. ನಿಜವೂ ಹೌದು. 1976ರಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ 403ರ ಗುರಿಯನ್ನು ದಾಟಿದಾಗ ಅವರದು 112. 1981ರಲ್ಲಿ ಮೆಲ್ಬರ್ನಿನಲ್ಲಿ ಗೆದ್ದು ಸರಣಿ ಸಮ ಮಾಡಿಕೊಂಡಾಗ ಮೊದಲ ಇನ್ನಿಂಗ್ಸಿನ 237ರಲ್ಲಿ ಅವರದು 114. ಆದರೆ ಆ ಹದಿನಾಲ್ಕರಲ್ಲಿ ಹೆಚ್ಚಿನವು ಡ್ರಾ ಆದ ಪಂದ್ಯಗಳು ಎಂಬುದನ್ನು ಬ್ರಹ್ಮಾಸ್ತ್ರ ಪ್ರಯೋಗಿಸುವವರು ಹೇಳುವುದಿಲ್ಲ. ಮದರಾಸಿನ 97 ಶತಕವೇ ಅಲ್ಲವಾದ್ದರಿಂದ ಆ ಲೆಕ್ಕಕ್ಕೆ ಸೇರುವುದೂ ಇಲ್ಲ. ಅತ್ಯಂತ ಬೆಲೆಬಾಳುವ ಆಟವೊಂದನ್ನು ಹೊರಗಿಟ್ಟು ಕಟ್ಟಿದ ಹೊಗಳಿಕೆ ಅದು.

ಮೂರನೆಯ ಸಾಕ್ಷಿಯನ್ನು ಯಾರೂ ಕರೆಯುವುದಿಲ್ಲ. ಸರಣಿ ಸಮವಾದ ಮೇಲೆ, 1975ರ ಜನವರಿ ಕೊನೆಯಲ್ಲಿ ಮುಂಬಯಿಯ ಹೊಸ ವಾಂಖೆಡೆ ಮೈದಾನದಲ್ಲಿ ಐದನೆಯ ಟೆಸ್ಟು ನಡೆಯಿತು. ಸರಣಿ ಯಾರ ಪಾಲೆಂದು ತೀರ್ಮಾನವಾಗುವ ಪಂದ್ಯವೆಂದರೆ ಇದೇ. ಕ್ಲೈವ್ ಲಾಯ್ಡ್ 242 ಹೊಡೆದು ಔಟಾಗದೆ ಉಳಿದರು, ವೆಸ್ಟ್ ಇಂಡೀಸ್ ಆರು ವಿಕೆಟ್ಟಿಗೆ 604. ಉತ್ತರವಾಗಿ ವಿಶ್ವನಾಥ್ 95 ಮಾಡಿದರು. ಭಾರತ 201 ರನ್ನುಗಳಿಂದ ಸೋತಿತು. ಬಸ್ಸಿನ ಹುಡುಗನ ಲೆಕ್ಕದಲ್ಲಿ ಇದು ಕೈಕೊಟ್ಟ ಫೈನಲ್. ಊರಳಿವಿನ ಕಲ್ಲು ನಿಲ್ಲಿಸಿದವರ ಲೆಕ್ಕದಲ್ಲಿ ಹಾಗಲ್ಲ. ಇವರು ಇರಬೇಕಾದ ಕಡೆ ಇದ್ದರೇ, ತಮ್ಮ ಪಾಲಿನ ಕೆಲಸ ಮಾಡಿದರೇ ಎಂದಷ್ಟೇ ಅವರು ಕೇಳುತ್ತಿದ್ದರು. ನಾನು ಆ ಪಕ್ಷದವನು. ರಾಹುಲರ 66ನ್ನು ಕೂಡ, ಅದರ ನಿಧಾನಗತಿ ನನಗೆ ಹಿಡಿಸದಿದ್ದರೂ, ಇದೇ ತಕ್ಕಡಿಯಲ್ಲಿ ತೂಗುತ್ತೇನೆ.

ಒದಗದೇ ಹೋದ ದಿನಗಳೂ ಇವೆ. 1982-83ರಲ್ಲಿ ಪಾಕಿಸ್ತಾನದ ನೆಲದಲ್ಲಿ ಇಮ್ರಾನ್ ಖಾನರ ಎದುರು ಭಾರತ ಮೂರು ಟೆಸ್ಟು ಸೋತಾಗ ವಿಶ್ವನಾಥರ ಬ್ಯಾಟು ಮಾತಾಡಲಿಲ್ಲ. ಅಲ್ಲಿಗೇ ಅವರ ಟೆಸ್ಟು ಜೀವನ ಮುಗಿಯಿತು. ಅಭಿಮಾನಿಗಳಾದ ನಾವು ಇದನ್ನು ಬೇಗ ದಾಟಿಬಿಡುತ್ತೇವೆ. 1980ರ ಫೆಬ್ರವರಿಯ ಮುಂಬಯಿ ಟೆಸ್ಟನ್ನು ಮಾತ್ರ ದಾಟಲಾಗದು. ಅಂದು ನಾಯಕರು ವಿಶ್ವನಾಥರೇ. ಐದು ವಿಕೆಟ್ಟಿಗೆ 58 ಆಗಿ ಇಂಗ್ಲೆಂಡ್ ಕುಸಿದಿತ್ತು. ಆಮೇಲೆ ಅಂಪೈರು ಔಟು ಕೊಟ್ಟ ಬಾಬ್ ಟೇಲರರನ್ನು, ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಇವರೇ ವಾಪಸು ಕರೆಸಿದರು. ಟೇಲರ್ ಮತ್ತು ಬಾಥಮ್ ಜೊತೆಯಾಟ 171ಕ್ಕೆ ಬೆಳೆಯಿತು, ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಗೆಲ್ಲಲೇಬೇಕಾದ ದಿನ ಗೆಲುವನ್ನು ಕೈಯಾರೆ ಬಿಟ್ಟುಕೊಟ್ಟ ನಾಯಕನನ್ನು ಯಾವ ಪಟ್ಟಿಗೆ ಸೇರಿಸೋಣ? ನನ್ನ ವೀರಗಲ್ಲಿನ ಅಳತೆ ಇಲ್ಲಿ ಸಾಲದು. ಶತ್ರುವನ್ನು ಕರೆದು ಮತ್ತೆ ಕತ್ತಿ ಕೊಟ್ಟವನ ಕಲ್ಲನ್ನು ಈ ಎರಡು ತಾಲ್ಲೂಕುಗಳಲ್ಲಿ ನಾನು ಕಂಡಿಲ್ಲ.

ವಿಶ್ವನಾಥರ ಆಟ ನಡೆಯುತ್ತಿದ್ದ ಕಾಲಕ್ಕೆ ನಾನಿನ್ನೂ ಲೆಕ್ಕಕ್ಕಿಲ್ಲದವನು. ನನಗೆ ಗೊತ್ತಿರುವುದೆಲ್ಲ ಪುಸ್ತಕದಿಂದ, ಮತ್ತು ನನ್ನ ತಂದೆಯವರ ಬಾಯಿಂದ. ಸೊರಬದ ಸೀಮೆಯ ನಮ್ಮ ಹಳ್ಳಿಯಲ್ಲಿ ಆಗ ಇದ್ದುದು ಒಂದೇ ಟ್ರಾನ್ಸಿಸ್ಟರು. ಅದರ ಸುತ್ತ ಕುಳಿತು ಕೇಳಿದ ಮದರಾಸಿನ 97ನ್ನು ಅವರು ಇಂದಿಗೂ ಹೊಡೆತ ಹೊಡೆತವಾಗಿ ಹೇಳಬಲ್ಲರು. ಅದಾದ ಎಂಟೇ ದಿನಕ್ಕೆ ಶುರುವಾದ ಮುಂಬಯಿ ಟೆಸ್ಟಿನ ಮಾತನ್ನು ಮಾತ್ರ ಅವರು ಎಂದೂ ಎತ್ತಿದವರಲ್ಲ. ಆ ಸಂಜೆ ಮನೆಗೆ ಹೋದವನೇ, "ಅಪ್ಪ, ಆ 95 ನಿಮಗೆ ನೆನಪಿಲ್ಲವೇ?" ಎಂದು ಕೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ರೇಡಿಯೋದ ಸೆಲ್ಲು ಮುಗಿದುಹೋಗಿತ್ತು" ಎಂದರು.