ಮೊಣಕಾಲಿನವರೆಗೆ ಮಣ್ಣು

ಮೊದಲ ಸಲ ಆ ಫೋಟೋ ನೋಡಿದಾಗ ನಾನು ನಕ್ಕುಬಿಟ್ಟಿದ್ದೆ. ಕಪ್ಪು-ಬಿಳುಪು ಚಿತ್ರ. ಬಯಲಿನಲ್ಲಿ ಒಬ್ಬ ಹುಡುಗಿ ನಿಂತಿದ್ದಾಳೆ. ಪಾದ ಕಾಣಿಸೋದಿಲ್ಲ, ಮೊಣಕಾಲಿನವರೆಗೂ ಮಣ್ಣಲ್ಲಿ ಹೂತಿದೆ. ಸಸಿ ನೆಟ್ಟ ಹಾಗೆ ಯಾರೋ ಅವಳನ್ನ ನೆಟ್ಟಿದ್ದಾರೆ. "ಇದೂ ಕಲೆನಾ? ನಮ್ಮ ಟೀಮ್ ಔಟಿಂಗ್‌ನಲ್ಲಿ ಇದಕ್ಕಿಂತ ಚೆನ್ನಾಗಿರೋ ಫೋಟೋ ತೆಗೀತೀವಿ" ಅಂತ ಆಫೀಸಿನಲ್ಲಿ ಪಕ್ಕದ ಸೀಟಿನವನಿಗೆ ತೋರಿಸಿದ್ದೂ ಉಂಟು.

ಆಮೇಲೆ ಕೆಳಗಿದ್ದ ಸಾಲು ಓದಿದೆ. ನವೆಂಬರ್ 1973. ಜಾಗ, ಕ್ಯಾಟಲೋನಿಯಾದ ಸಾಂತ್ ಲೊರೆನ್ಸ್ ದೆಲ್ ಮುಂತ್ ಬೆಟ್ಟಸೀಮೆ. ನನ್ನ ನಗು ಅಲ್ಲಿಗೆ ನಿಂತಿತು. ಯಾಕೆ ಅಂತ ಹೇಳ್ತೀನಿ.

1939ರಲ್ಲಿ ಅಂತರ್ಯುದ್ಧ ಗೆದ್ದ ಜನರಲ್ ಫ್ರಾಂಕೋ, 1975ರ ನವೆಂಬರ್ 20ರಂದು ಸಾಯುವವರೆಗೂ ಸ್ಪೇನನ್ನು ಆಳಿದ. ಕ್ಯಾಟಲನ್ ಭಾಷೆಯನ್ನು ಶಾಲೆ-ಕಚೇರಿಗಳಿಂದ ಹೊರಗಟ್ಟಿದ. ಅಮ್ಮನ ಹತ್ತಿರ ಆಡೋ ಮಾತು ಒಂದು, ಶಾಲೆಯಲ್ಲಿ ಕಲಿಯೋದು ಇನ್ನೊಂದು. ಹೆಂಗಸರ ಪಾಡು ಇನ್ನೂ ಬಿಗಿ. ಮದುವೆಯಾದ ಹೆಣ್ಣು ಕೆಲಸಕ್ಕೆ ಸೇರಬೇಕಾದರೆ, ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೆ, ಗಂಡನ ಅನುಮತಿ ಬೇಕಿತ್ತು. ಆ ಕಾನೂನು ಹೋಗಿದ್ದು 1975ರ ಮೇ ತಿಂಗಳಲ್ಲಿ. ಅಂದ್ರೆ ಈ ಫೋಟೋ ತೆಗೆದು ಒಂದೂವರೆ ವರ್ಷ ಆದಮೇಲೆ.

ಮಣ್ಣಲ್ಲಿ ನಿಂತ ಆ ಹುಡುಗಿ ಫೀನಾ ಮಿರಾಲ್ಯೆಸ್. ಹುಟ್ಟಿದ್ದು 1950ರಲ್ಲಿ, ಬಟ್ಟೆ ಗಿರಣಿಗಳ ಊರಾದ ಸಬಾದೆಲ್‌ನಲ್ಲಿ. ಬಾರ್ಸಿಲೋನಾದಲ್ಲಿ ಕಲೆ ಓದಿದ ಆಕೆ ಕುಂಚ, ಕ್ಯಾನ್ವಾಸ್ ಬದಿಗಿಟ್ಟು ಹುಲ್ಲು, ಮರಳು, ಕಲ್ಲು, ಮಣ್ಣು ಕೈಗೆತ್ತಿಕೊಂಡರು. ಗೋಡೆಗೆ ನೇತುಹಾಕೋಕೂ ಆಗದ, ಮಾರೋಕೂ ಆಗದ ಸಾಮಾನುಗಳು. 1973ರ 'ಸ್ಥಳಾಂತರಗಳು' ಸರಣಿಯಲ್ಲಿ ಆಕೆ ಮಾಡಿದ್ದು ಇಷ್ಟೇ: ಹುಲ್ಲನ್ನು ಸಮುದ್ರದ ಮೇಲೆ ತೇಲಿಬಿಟ್ಟರು. ಕಡಲತೀರದ ಮರಳನ್ನು ಹೊಲಕ್ಕೆ ತಂದರು. ವಸ್ತು ಅದೇ, ಜಾಗ ಮಾತ್ರ ಬೇರೆ. ಕೊನೆಗೆ ತನ್ನನ್ನೇ ಮರದ ಜಾಗಕ್ಕೆ ಕಳಿಸಿಕೊಂಡರು. ಕೃತಿಯ ಹೆಸರು 'ಹೆಣ್ಣು-ಮರ'.

ಮುಂದಿನ ವರ್ಷ, 1974ರಲ್ಲಿ, ಬಾರ್ಸಿಲೋನಾದ ವಿನ್ಸೋನ್ ಅನ್ನೋ ಕಡೆ ಪ್ರದರ್ಶನ. ಅದು ಮನೆಸಾಮಾನು ಮಾರುವ ಅಂಗಡಿ, ಒಳಗೊಂದು ಗ್ಯಾಲರಿ. ಅಲ್ಲಿ ಬೋನುಗಳಲ್ಲಿ ಪ್ರಾಣಿಗಳನ್ನಿಟ್ಟು, ತಾವೂ ಒಂದು ಬೋನಿನೊಳಗೆ ಹೋಗಿ ಕೂತರು. ನೋಡೋಕೆ ಬಂದವರು ಬೋನಿನ ಹೊರಗೆ. ನಿಜವಾಗಿ ಹೊರಗೆ ಇದ್ದವರು ಯಾರು ಅನ್ನೋದು ಬೇರೆ ಪ್ರಶ್ನೆ.

ಇಲ್ಲಿ ಒಂದು ಮಾತು ಹೇಳಬೇಕು. 'ಹೆಣ್ಣು-ಮರ'ದಲ್ಲಿ ಫ್ರಾಂಕೋ ಇಲ್ಲ, ಘೋಷಣೆ ಇಲ್ಲ, ಬಾವುಟ ಇಲ್ಲ. ಮನುಷ್ಯನಿಗೂ ಪ್ರಕೃತಿಗೂ ಇರೋ ನಂಟಿನ ಬಗ್ಗೆ ಮಾಡಿದ ಕೆಲಸ ಅದು. ಆದರೆ ಆ ಇಸವಿ ಗೊತ್ತಾದಮೇಲೆ ನನಗೆ ಆ ಮಣ್ಣು ಎರಡು ಥರ ಕಾಣುತ್ತೆ. ಒಂದು, ಬೇರು. ಇದು ನನ್ನ ನೆಲ, ನನ್ನನ್ನ ಕೀಳೋಕಾಗಲ್ಲ ಅನ್ನೋ ಹಟ. ಇನ್ನೊಂದು, ಸಂಕೋಲೆ. ನಡೆಯೋಕೇ ಬಿಡದ ನೆಲ. ಯಾವುದು ಸರಿ ಅಂತ ಆರಿಸೋಕೆ ನನಗೆ ಆಗಿಲ್ಲ. ಎರಡೂ ಸರಿ ಇರಬಹುದು.

1976ಕ್ಕೆ ಬನ್ನಿ. ಸರ್ವಾಧಿಕಾರಿ ಸತ್ತಿದ್ದಾನೆ. ಫೀನಾ ತಮ್ಮ ಹೆಸರಿನ ಅಚ್ಚು ಇರೋ ಶೂ ಹಾಕಿಕೊಂಡು ಬೀದಿಗಿಳಿದರು. ಅಡಿಗೆ ಶಾಯಿ. ಹೆಜ್ಜೆ ಇಟ್ಟಲ್ಲೆಲ್ಲ ನೆಲದ ಮೇಲೆ ಅವರ ಹೆಸರು. ಕೃತಿಯ ಹೆಸರು 'ಹೆಜ್ಜೆಗುರುತು'. ಮೂರು ವರ್ಷದ ಹಿಂದೆ ಮಣ್ಣೊಳಗೆ ಕಾಣದೇ ಹೋಗಿದ್ದ ಅದೇ ಪಾದಗಳು!

ಎಷ್ಟೋ ವರ್ಷಗಳ ನಂತರ, 2020ರಲ್ಲಿ, ಬಾರ್ಸಿಲೋನಾದ ಸಮಕಾಲೀನ ಕಲಾ ಮ್ಯೂಸಿಯಂ ಆಕೆಯ ಬದುಕಿನ ಕೆಲಸವನ್ನೆಲ್ಲ ಒಟ್ಟಿಗೆ ಸೇರಿಸಿ ಪ್ರದರ್ಶನ ಮಾಡಿತು. ತೇಲಿಬಿಟ್ಟ ಹುಲ್ಲು ಈಗಿಲ್ಲ, ಬೀದಿಯ ಶಾಯಿಯೂ ಇಲ್ಲ. ಉಳಿದಿರೋದು ಫೋಟೋಗಳು.

ಪಕ್ಕದ ಸೀಟಿನವನಿಗೆ ಎರಡೂ ಚಿತ್ರ ಅಕ್ಕಪಕ್ಕ ಇಟ್ಟು ಮತ್ತೆ ತೋರಿಸಿದೆ, ಈ ಸಲ ಇಸವಿ ಸಮೇತ. ಅವನು ನಗಲಿಲ್ಲ. ಸ್ವಲ್ಪ ಹೊತ್ತು ನೋಡಿ, "ನನ್ನ ಅಜ್ಜಿಗೆ ಬ್ಯಾಂಕ್ ಅಕೌಂಟ್ ಇತ್ತಾ ಅಂತ ಅಮ್ಮನ್ನ ಕೇಳಬೇಕು ಕಣೋ" ಅಂದ.

ನಾನೂ ಕೇಳಬೇಕು.